ಸುತ್ತಿನ ಸಾಮು



ದೊಡ್ಡಬಳ್ಳಾಪುರದಲ್ಲಿ ನಮ್ಮ ನೆರೆಮನೆಯವರು ನೇಕಾರರು. ಬೆಳಗಿನ ಜಾವ ಅವರ ಮನೆಯ ಮಗ್ಗಗಳು ಸದ್ದುಮಾಡತೊಡಗಿದುವೆಂದರೆ ನಮ್ಮ ಬೀದಿಯಲ್ಲಿ ಯಾರಿಗೂ ಗಡಿಯಾರದ ಅಗತ್ಯವಿರುವುದಿಲ್ಲ. ಅವರಿಗೆ ಈಗ ೫೩ ವರ್ಷ. ಹೋದ ವರ್ಷ ಒಂದು ಗೃಹಪ್ರವೇಶದ ಊಟದಲ್ಲಿ ನಾವಿಬ್ಬರೂ ಒಂದೇ ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತಿದ್ದೆವು. ಊಟ ಮುಗಿದು ಎಲ್ಲರೂ ಎದ್ದರು. ಇವರು ಮಾತ್ರ ಏಳಲಿಲ್ಲ. ಎಡಗೈಯನ್ನು ನೆಲಕ್ಕೂರಿ ಒಮ್ಮೆ ಪ್ರಯತ್ನಿಸಿದರು. ಮಂಡಿಯೂರಿ ಇನ್ನೊಮ್ಮೆ ಪ್ರಯತ್ನಿಸಿದರು. ಕೊನೆಗೆ ನನ್ನ ಭುಜವನ್ನು ಹಿಡಿದು ಎದ್ದರು. “ಪಾಯಸ ಹೆಚ್ಚಾಯಿತು” ಎಂದು ನಕ್ಕರು. ನಾನೂ ನಕ್ಕೆ. ಆದರೆ ತಿಂಗಳು ಕಳೆಯುವುದರೊಳಗೆ ಅವರ ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚಿರುವುದು ತಿಳಿದುಬಂತು. ವೈದ್ಯರು ಗುಳಿಗೆ ಬರೆದುಕೊಟ್ಟು, ವ್ಯಾಯಾಮ ಮಾಡತಕ್ಕದ್ದೆಂದು ಹೇಳಿ ಕಳುಹಿಸಿದರು. ಆ ಚೀಟಿಯನ್ನು ಹಿಡಿದುಕೊಂಡೇ ಅವರು ನಮ್ಮ ಮನೆಗೆ ಬಂದರು.

“ಮೇಷ್ಟ್ರೇ, ದಿನಕ್ಕೆ ಹತ್ತು ಗಂಟೆ ನಿಂತೇ ಇರುತ್ತೇನೆ. ಮಗ್ಗದಿಂದ ಮಗ್ಗಕ್ಕೆ ನಡೆದೂ ನಡೆದೂ ಚಪ್ಪಲಿ ಸವೆಯುತ್ತದೆ. ಡಾಕ್ಟರು ವ್ಯಾಯಾಮ ಮಾಡಿ ಅನ್ನುತ್ತಾರೆ. ಹಾಗಾದರೆ ಇಷ್ಟು ದಿನ ನಾನು ಮಾಡಿದ್ದೇನು?”

ಪ್ರಶ್ನೆ ನ್ಯಾಯವಾದದ್ದೇ. ದುಡಿಮೆಗೂ ಸಾಧನೆಗೂ ಇರುವ ಭೇದವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ನೇಕಾರನು ಕಂಡಿಕೆಯನ್ನು ಬದಲಿಸುತ್ತಾನೆ, ಹರಿದ ಎಳೆಯನ್ನು ಗಂಟುಹಾಕುತ್ತಾನೆ, ಲಾಳಿಯ ಮೇಲೆ ಕಣ್ಣಿಟ್ಟು ನಡೆದಾಡುತ್ತಾನೆ. ದಿನದ ಕೊನೆಗೆ ದಣಿವೇನೋ ಆಗುತ್ತದೆ. ಆದರೆ ಇಡೀ ದಿನದಲ್ಲಿ ಅವನ ತೊಡೆಯ ಸ್ನಾಯುಗಳಿಗೆ ತಮ್ಮ ವಾಡಿಕೆಗೆ ಮೀರಿದ ಭಾರವನ್ನು ಹೊರಬೇಕಾದ ಪ್ರಸಂಗ ಒಂದು ಸಲವೂ ಒದಗುವುದಿಲ್ಲ. ಸ್ನಾಯುವಿನ ಸ್ವಭಾವ ಲೆಕ್ಕಾಚಾರದ ಯಜಮಾನನದು. ಎಷ್ಟು ಕೇಳುತ್ತೇವೋ ಅಷ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಕೇಳದೆ ಬಿಟ್ಟುದನ್ನು ಮೆಲ್ಲಮೆಲ್ಲನೆ ಕರಗಿಸಿಬಿಡುತ್ತದೆ. ಮೂವತ್ತು ದಾಟಿದ ಮೇಲೆ, ಸಾಧನೆಯಿಲ್ಲದವರ ದೇಹದಲ್ಲಿ ಹತ್ತು ವರ್ಷಕ್ಕೆ ನೂರಕ್ಕೆ ೩ರಿಂದ ೮ರಷ್ಟು ಸ್ನಾಯು ಕರಗುತ್ತದೆಯೆಂದು ಶರೀರಶಾಸ್ತ್ರಜ್ಞರು ಅಂದಾಜು ಮಾಡಿದ್ದಾರೆ. ಅರವತ್ತರ ತರುವಾಯ ಈ ಇಳಿತ ಇನ್ನೂ ವೇಗವಾಗುತ್ತದೆ. ಪಂಕ್ತಿಯಿಂದ ಏಳಲಾರದ ದಿನ ಒಂದೇ ದಿನದಲ್ಲಿ ಬಂದದ್ದಲ್ಲ. ಇಪ್ಪತ್ತು ವರ್ಷದಿಂದ ಬರುತ್ತಿತ್ತು.

ಸಕ್ಕರೆಯ ಮಾತೂ ಇದರೊಡನೆಯೇ ಸೇರಿಕೊಂಡಿದೆ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಒಳಗೆಳೆದುಕೊಳ್ಳತಕ್ಕ ಉಗ್ರಾಣ ಸ್ನಾಯುವೇ. ಉಗ್ರಾಣ ಚಿಕ್ಕದಾದರೆ, ಅಥವಾ ಅದರ ಬಾಗಿಲು ಬಿಗಿದುಕೊಂಡರೆ, ಸರಕು ಬೀದಿಯಲ್ಲಿ ಉಳಿಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ೧೦ ಕೋಟಿಗೂ ಹೆಚ್ಚು ಮಂದಿಗೆ ಸಿಹಿಮೂತ್ರ ರೋಗವಿದೆ. ೨೦೨೪ರಲ್ಲಿ ಲ್ಯಾನ್ಸೆಟ್ ಪತ್ರಿಕಾ ಸಮೂಹದಲ್ಲಿ ಬಂದ ಇನ್ನೊಂದು ಲೆಕ್ಕದಂತೆ, ದೇಶದ ವಯಸ್ಕರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಯ ಮೈಗೆ ಸಾಕಷ್ಟು ಚಲನೆಯಿಲ್ಲ. ಹೆಂಗಸರಲ್ಲಂತೂ ಈ ಪ್ರಮಾಣ ಅರ್ಧವನ್ನು ಮೀರಿದೆ. ನಮ್ಮ ಅಜ್ಜಿಯರು ಬೀಸುಕಲ್ಲು, ಒರಳು, ಒನಕೆ, ಬಾವಿಯ ಹಗ್ಗ ಇವುಗಳೊಡನೆ ಬಾಳಿದವರು. ಆ ಕಷ್ಟ ಮರಳಿ ಬರಲೆಂದು ನಾನು ಹಾರೈಸುವುದಿಲ್ಲ. ಆದರೆ ಅದು ಹೋದಾಗ ಅದರ ಬೆನ್ನಿಗೆ ಬಲವೂ ಹೋಯಿತೆಂಬುದನ್ನು ಒಪ್ಪಬೇಕು.

ಬೆಂಗಳೂರಿನ ಸುತ್ತಣ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈ ಬದಲಾವಣೆ ಬಹು ಬೇಗನೆ ನಡೆದುಹೋಯಿತು. ದೇವನಹಳ್ಳಿಯಲ್ಲಿ ೨೦೦೮ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ, ತಂದೆ ಗುದ್ದಲಿ ಹಿಡಿಯುತ್ತಿದ್ದ ಮನೆಯ ಮಗ ಬಾಡಿಗೆ ಕಾರಿನ ಚಕ್ರ ಹಿಡಿದು ದಿನವೆಲ್ಲ ಕುಳಿತಿರುತ್ತಾನೆ. ನೆಲಮಂಗಲದಲ್ಲಿ ಎರಡು ಹೆದ್ದಾರಿಗಳು ಕೂಡುವೆಡೆ ಲಾರಿಗಳ ಸಾಲು, ಅದರೊಳಗೂ ಕುಳಿತವರೇ. ಹೊಸಕೋಟೆಯ ಗೋದಾಮುಗಳಲ್ಲಿ ಕೆಲವರು ವಿಪರೀತ ಹೊರುತ್ತಾರೆ, ಉಳಿದವರು ಗಣಕಯಂತ್ರದ ಮುಂದೆ ಕುಳಿತು ಹೊರೆಯನ್ನು ಎಣಿಸುತ್ತಾರೆ. ಇವರೆಲ್ಲರೂ ಮನೆಗೆ ಬರುವ ಹೊತ್ತಿಗೆ ರಾತ್ರಿ ಎಂಟು, ಒಂಬತ್ತು. ಇಂಥವರಿಗೆ ವ್ಯಾಯಾಮ ಮಾಡಿ ಎನ್ನುವುದು ಸುಲಭ. ಎಲ್ಲಿ, ಯಾವಾಗ, ಯಾವುದನ್ನು ಎಂದು ಹೇಳುವವರು ಕಡಮೆ.

ಆ ಸ್ಥಳವನ್ನು ಈಗ ತುಂಬಿರುವುದು ಜಿಮ್ಮು. ನಮ್ಮ ನೇಕಾರರ ಮಗನು ಜನವರಿ ತಿಂಗಳಲ್ಲಿ ಅಂಥದೊಂದಕ್ಕೆ ಇಡೀ ವರ್ಷದ ಹಣವನ್ನು ಒಮ್ಮೆಗೇ ಕಟ್ಟಿದ್ದ. ಮಾರ್ಚಿಯಲ್ಲಿ ಅವನನ್ನು ಕೇಳಿದೆ. ಹೋಗಿದ್ದು ಹತ್ತೊಂಬತ್ತು ದಿನ. ಕೆಲಸದ ಪಾಳಿ ಬದಲಾಯಿತಂತೆ. ಅಲ್ಲಿ ಅವನಿಗೆ ಕೊಟ್ಟ ಪಟ್ಟಿಯನ್ನು ತೋರಿಸಿದ: ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ತೋಳು, ಹೀಗೆ ವಾರಕ್ಕೆ ಆರು ದಿನ. ಒಂದು ದಿನ ತಪ್ಪಿದರೆ ದೇಹದ ಒಂದು ಅಂಗಕ್ಕೇ ವಾರವೆಲ್ಲ ಉಪವಾಸ. ಪಂದ್ಯದ ವೇದಿಕೆಯ ಮೇಲೆ ನಿಲ್ಲುವ ಅಂಗಸಾಧಕನಿಗೆ ಹೊಂದುವ ಪಟ್ಟಿಯನ್ನು, ಪಾಳಿಯ ಮೇಲೆ ದುಡಿಯುವ ಹುಡುಗನಿಗೆ ಅಚ್ಚುಹಾಕಿ ಕೊಟ್ಟಿದ್ದರು. ಜೊತೆಗೆ ಒಂದು ಡಬ್ಬಿ ಪುಡಿಯನ್ನೂ ಮಾರಿದ್ದರು. ಜಿಮ್ಮುಗಳೆಲ್ಲ ಹೀಗೆಯೇ ಎಂದು ನಾನು ಹೇಳುವುದಿಲ್ಲ. ಶ್ರದ್ಧೆಯಿಂದ ಕಲಿಸುವವರನ್ನೂ ಬಲ್ಲೆ. ಆದರೆ ವರ್ಷದ ಹಣವನ್ನು ಮುಂಗಡವಾಗಿ ಪಡೆಯುವ ವ್ಯಾಪಾರದಲ್ಲಿ, ಬಾರದೆ ಉಳಿಯುವ ಗಿರಾಕಿಯಿಂದ ನಷ್ಟವೇನೂ ಇಲ್ಲವೆಂಬುದನ್ನು ಮರೆಯಬಾರದು.

ಈ ವ್ಯಾಪಾರ ನಿನ್ನೆ ಮೊನ್ನೆಯದೆಂದು ತಿಳಿಯುವುದೂ ಸರಿಯಲ್ಲ. ಪ್ರಷ್ಯದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರಾದ ಯೂಜಿನ್ ಸ್ಯಾಂಡೋ ಎಂಬ ಮಲ್ಲನು ೧೯೦೪–೦೫ರಲ್ಲಿ ಹಿಂದೂದೇಶವನ್ನು ಸುತ್ತಿ ತನ್ನ ಮೈಕಟ್ಟನ್ನು ಪ್ರದರ್ಶಿಸಿದನು. ಆತನು ಪುಸ್ತಕಗಳನ್ನು ಮಾರಿದನು, ಸ್ಪ್ರಿಂಗು ಕೂಡಿಸಿದ ಡಂಬೆಲ್ಲುಗಳನ್ನು ಮಾರಿದನು, ಅಂಚೆಯ ಮೂಲಕ ಪಾಠಗಳನ್ನು ಮಾರಿದನು. ಕೊನೆಗೆ ತನ್ನ ಹೆಸರಿನ ಕೋಕೋ ಪುಡಿಯನ್ನೂ ಮಾರಿದನು. ಇಂದಿನ ಡಬ್ಬಿಯ ಪುಡಿಗೆ ಆ ಕೋಕೋವೇ ಅಜ್ಜ. ನಮ್ಮ ಕಡೆಯಲ್ಲಿ ಈ ವಿದ್ಯೆಗೆ ಗೌರವ ತಂದವರು ಕೋಲಾರ ಸೀಮೆಯಿಂದ ಬಂದ ಕೆ. ವಿ. ಅಯ್ಯರ್ ಅವರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ಅವರನ್ನು ಓದುಗರು ಬಲ್ಲರು; ಬೆಂಗಳೂರಿನ ಹಳಬರು ಹರ್ಕ್ಯುಲಿಸ್ ವ್ಯಾಯಾಮಶಾಲೆಯ ಒಡೆಯರೆಂದು ಬಲ್ಲರು. ಪುರಭವನದ ಸಮೀಪದ ಜೆ. ಸಿ. ರಸ್ತೆಯಲ್ಲಿ ಅವರ ವ್ಯಾಯಾಮಶಾಲೆಯಿತ್ತು. ೧೯೩೦ರಲ್ಲಿ ‘ಮಸಲ್ ಕಲ್ಟ್’, ೧೯೩೬ರಲ್ಲಿ ‘ಪರ್ಫೆಕ್ಟ್ ಫಿಸೀಕ್’ ಎಂಬ ಇಂಗ್ಲಿಷ್ ಪುಸ್ತಕಗಳನ್ನು ಪ್ರಕಟಿಸಿದರು. ಪಾಶ್ಚಾತ್ಯರ ಬಾರ್‌ಬೆಲ್ಲನ್ನೂ ನಮ್ಮ ಆಸನ ಸೂರ್ಯನಮಸ್ಕಾರಗಳನ್ನೂ ಒಂದೇ ಅಂಗಳಕ್ಕೆ ತಂದರು. ಅವರೂ ಅಂಚೆಯ ಮೂಲಕ ವ್ಯಾಯಾಮವನ್ನು ಕಲಿಸಿದವರೇ. ಆದುದರಿಂದ ಹಣ ಪಡೆದು ಕಲಿಸುವುದು ತಪ್ಪೆಂದು ನನ್ನ ವಾದವಲ್ಲ; ಕಲಿತದ್ದನ್ನು ಕೈಯಲ್ಲಿ ಉಳಿಸಿಕೊಡದ ಪಾಠಕ್ಕೆ ಹಣ ಕೊಡುವುದು ತಪ್ಪು. ಇಂದು ಮೊಬೈಲಿನಲ್ಲಿ ತಿಂಗಳ ಬಾಡಿಗೆಗೆ ದೊರೆಯುವ ವ್ಯಾಯಾಮಕ್ರಮಗಳಲ್ಲಿ ಹಲವು, ಹಣ ನಿಂತ ದಿನವೇ ಪಾಠವನ್ನೂ ನಿಲ್ಲಿಸುತ್ತವೆ.

ಹಾಗಾದರೆ ಜಿಮ್ಮಿಗೂ ಮೊದಲು ನಮ್ಮಲ್ಲಿ ಏನಿತ್ತು? ಗರಡಿಯಿತ್ತು. ಮೈಸೂರಿನಲ್ಲಿ ಇಂದಿಗೂ ಇದೆ. ದಸರೆಯ ಕುಸ್ತಿಯ ಬಲದಿಂದ ಉಳಿದುಕೊಂಡಿದೆ. ತಲೆ ಬಗ್ಗಿಸಿ ಒಳಗೆ ಹೋಗಬೇಕಾದ ಕಿರಿಬಾಗಿಲು, ಗೋಡೆಯಲ್ಲಿ ಆಂಜನೇಯ, ಅರಿಸಿನ ಎಣ್ಣೆಗಳನ್ನು ಕೂಡಿಸಿ ಹದಮಾಡಿದ ಕೆಮ್ಮಣ್ಣು, ಮೂಲೆಯಲ್ಲಿ ಗದೆ ಮತ್ತು ಕಲ್ಲುಗಳು. ಅಲ್ಲಿ ಕನ್ನಡಿಯ ಮುಂದೆ ನಿಂತು ಒಂದೊಂದೇ ಸ್ನಾಯುವನ್ನು ಬೇರೆ ಮಾಡಿ ನೋಡಿಕೊಳ್ಳುವ ಪದ್ಧತಿಯಿಲ್ಲ. ದಂಡ ಹೊಡೆದರೆ ಎದೆ, ತೋಳು, ಸೊಂಟ ಎಲ್ಲವೂ ದುಡಿಯುತ್ತವೆ. ಬಸ್ಕಿ ಹೊಡೆದರೆ ತೊಡೆಯ ಜೊತೆಗೆ ಉಸಿರೂ ದುಡಿಯುತ್ತದೆ. ಗದೆ ಬೀಸಿದರೆ ಭುಜ; ಗುದ್ದಲಿಯಿಂದ ಅಂಕಣದ ಮಣ್ಣು ಅಗೆದರೆ ಬೆನ್ನು. ಸಾಮಗ್ರಿಯ ಬೆಲೆ ಅತ್ಯಲ್ಪ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಂಗ್ರಾಣಿ ಕಲ್ಲನ್ನೆತ್ತುವ ಪಂದ್ಯಕ್ಕೆ ಬೇಕಾದುದು ಒಂದು ಕಲ್ಲು ಮತ್ತು ನೋಡುವ ನಾಲ್ಕು ಜನ.

ಗರಡಿಯನ್ನು ಹೊಗಳುವಾಗ ಅದರ ಕೊರತೆಯನ್ನು ಮುಚ್ಚಿಡಬಾರದು. ಅದು ಬಹುಕಾಲ ಗಂಡಸರ ಸೊತ್ತಾಗಿತ್ತು. ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳು ಅದರ ಹೊಸ್ತಿಲನ್ನು ದಾಟುವ ವಾಡಿಕೆಯಿರಲಿಲ್ಲ. ಅದರ ಗುರಿ ಕುಸ್ತಿ. ಸಾವಿರ ಬಸ್ಕಿಯ ಪೈಲ್ವಾನನಿಗೆ ಬೇಕಾದ ಬಾದಾಮಿ, ತುಪ್ಪ, ಮಧ್ಯಾಹ್ನದ ನಿದ್ರೆ ಇವು ೫೩ ವರ್ಷದ ಸಕ್ಕರೆಯ ರೋಗಿಗೆ ಹೇಳತಕ್ಕ ಮಾತುಗಳಲ್ಲ. ಬಲವೆಂದರೆ ಎಣಿಕೆಯನ್ನು ಹೆಚ್ಚಿಸುವುದು ಎಂಬ ಅಭ್ಯಾಸವೂ ಮಂಡಿ ನೊಂದವರಿಗೆ ಹಿತವಲ್ಲ. ಗರಡಿಯಿಂದ ನಾವು ಉಪಕರಣದ ಸರಳತೆಯನ್ನೂ ಇಡೀ ಮೈಯನ್ನು ಒಂದಾಗಿ ದುಡಿಸುವ ಬುದ್ಧಿಯನ್ನೂ ತೆಗೆದುಕೊಳ್ಳೋಣ. ಅಳತೆಗೋಲನ್ನು ಮಾತ್ರ ಬೇರೆ ಕಡೆಯಿಂದ ತರಬೇಕು.

ಆ ಅಳತೆಗೋಲು ಸಿಕ್ಕಿದ್ದು ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದಲ್ಲಿ. ೧೯೫೩ರಲ್ಲಿ ಅಲ್ಲಿನ ವ್ಯಾಯಾಮ ಶಿಕ್ಷಕರಾದ ಮಾರ್ಗನ್ ಮತ್ತು ಆಡಮ್‌ಸನ್ ಎಂಬಿಬ್ಬರು ಒಂದು ಏರ್ಪಾಡನ್ನು ರೂಪಿಸಿದರು. ಶಾಲೆಯ ಡ್ರಿಲ್ಲಿನಲ್ಲಿ ಬಲಶಾಲಿಗೂ ದುರ್ಬಲನಿಗೂ ಒಂದೇ ಎಣಿಕೆ; ಒಬ್ಬನಿಗೆ ಸಾಲದು, ಇನ್ನೊಬ್ಬನಿಗೆ ಮಿತಿಮೀರಿದ್ದು. ಅದನ್ನು ತಪ್ಪಿಸಲು ಅವರು ಕೊಠಡಿಯ ಸುತ್ತಲೂ ಒಂಬತ್ತರಿಂದ ಹನ್ನೆರಡು ತಾಣಗಳನ್ನು ಏರ್ಪಡಿಸಿ, ಒಂದೊಂದು ತಾಣಕ್ಕೆ ಒಂದೊಂದು ವ್ಯಾಯಾಮವನ್ನಿಟ್ಟರು. ಪ್ರತಿಯೊಬ್ಬನೂ ಮೊದಲ ದಿನ ಒಂದೊಂದು ತಾಣದಲ್ಲಿ ತನ್ನಿಂದ ಎಷ್ಟು ಸಾಧ್ಯವೆಂದು ಪರೀಕ್ಷಿಸಿಕೊಳ್ಳಬೇಕು. ಅದರ ಅರ್ಧವೇ ಅವನ ನಿತ್ಯದ ಪ್ರಮಾಣ. ಆ ಪ್ರಮಾಣದಲ್ಲಿ ಎಲ್ಲ ತಾಣಗಳನ್ನೂ ಮೂರು ಸುತ್ತು, ನಡುವೆ ನಿಲ್ಲದೆ, ಪೂರೈಸಬೇಕು. ಹಿಡಿದ ಕಾಲವನ್ನು ಬರೆದಿಡಬೇಕು. ಕಾಲ ನಿಗದಿಯಾದ ಮಿತಿಗೆ ಇಳಿದಾಗ ಪ್ರಮಾಣವನ್ನು ಏರಿಸಬೇಕು. ಇದಕ್ಕೆ ಅವರು ‘ಸರ್ಕ್ಯೂಟ್’ ಎಂದು ಹೆಸರಿಟ್ಟರು. ನಾನು ಇದನ್ನು ಸುತ್ತಿನ ಸಾಮು ಎಂದು ಕರೆಯುತ್ತೇನೆ. ನೇಕಾರರಿಗೆ ಈ ಹೆಸರು ಕೂಡಲೇ ಹಿಡಿಸಿತು.

ಇದರ ಯುಕ್ತಿ ತಾಣಗಳ ಅನುಕ್ರಮದಲ್ಲಿದೆ. ಕಾಲುಗಳು ದುಡಿದ ಮೇಲೆ ತೋಳುಗಳ ಸರದಿ. ತೋಳುಗಳು ದುಡಿಯುವಷ್ಟು ಹೊತ್ತು ಕಾಲುಗಳಿಗೆ ವಿಶ್ರಾಂತಿ. ಆದರೆ ಹೃದಯಕ್ಕೂ ಶ್ವಾಸಕೋಶಕ್ಕೂ ಈ ಸರದಿಯ ರಜವಿಲ್ಲ. ರಕ್ತ ಒಮ್ಮೆ ಕೆಳಗೆ, ಒಮ್ಮೆ ಮೇಲೆ ಹರಿಯಲೇಬೇಕು. ಹೀಗೆ ಇಪ್ಪತ್ತು ನಿಮಿಷದಲ್ಲಿ ಬಲದ ಕೆಲಸವೂ ಉಸಿರಿನ ಕೆಲಸವೂ ಕೂಡಿ ನಡೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಪ್ರಕಟಿಸಿದ ಸೂಚನೆಯಲ್ಲಿ, ವಯಸ್ಕರು ವಾರಕ್ಕೆ ೧೫೦ರಿಂದ ೩೦೦ ನಿಮಿಷ ಮಧ್ಯಮ ಶ್ರಮದ ಚಲನೆಯನ್ನೂ, ಅದಲ್ಲದೆ ಎರಡು ದಿನಕ್ಕೆ ಕಡಮೆಯಿಲ್ಲದಂತೆ ಸ್ನಾಯುಬಲದ ಸಾಧನೆಯನ್ನೂ ಮಾಡಬೇಕೆಂದಿದೆ. ನಮ್ಮಲ್ಲಿ ವಾಯುವಿಹಾರಕ್ಕೆ ಹೋಗುವವರು ಮೊದಲಿನ ಅರ್ಧವನ್ನು ಮಾಡಿ ಎರಡನೆಯದನ್ನು ಮರೆಯುತ್ತಾರೆ.

ಇನ್ನು ನಾವು ಮಾಡಿದ್ದನ್ನು ಹೇಳುತ್ತೇನೆ. ಭಾರಕ್ಕಾಗಿ ಏನನ್ನೂ ಕೊಳ್ಳಲಿಲ್ಲ. ಕುಡಿಯುವ ನೀರಿನ ಇಪ್ಪತ್ತು ಲೀಟರಿನ ಕ್ಯಾನು ಈಗ ಎಲ್ಲರ ಮನೆಯಲ್ಲಿಯೂ ಇದೆ. ಒಂದು ಲೀಟರು ನೀರಿನ ತೂಕ ಒಂದು ಕಿಲೋ. ಆದುದರಿಂದ ಆ ಕ್ಯಾನು ಒಂದರಿಂದ ಇಪ್ಪತ್ತರವರೆಗೆ ಬೇಕಾದ ತೂಕಕ್ಕೆ ಹೊಂದುವ ಉಪಕರಣ. ಅಂಗಡಿಯ ಡಂಬೆಲ್ಲಿಗೆ ಈ ಗುಣವಿಲ್ಲ. ಅರೆ ತುಂಬಿದ ಕ್ಯಾನಿನಲ್ಲಿ ನೀರು ಅತ್ತಿತ್ತ ತುಳುಕಿ ಹಿಡಿತವನ್ನು ಕಷ್ಟಗೊಳಿಸುತ್ತದೆ. ಅದೂ ಒಂದು ಪಾಠವೇ. ಬಿರಡೆ ಮಾತ್ರ ಭದ್ರವಾಗಿರಬೇಕು. ಮೊದಲ ದಿನ ನಾವು ಜಗಲಿಯನ್ನೆಲ್ಲ ತೊಳೆದೆವು. ಇದರ ಜೊತೆಗೆ ಎರಡು ಕಬ್ಬಿಣದ ಬಕೆಟ್ಟು, ಐದು ಕಿಲೋ ರಾಗಿಯ ಒಂದು ಚೀಲ, ಮನೆಯ ಜಗಲಿ, ಮಹಡಿಯ ಮೆಟ್ಟಲು. ಹಿತ್ತಲಲ್ಲಿ ಬಿದ್ದಿದ್ದ ರುಬ್ಬುವ ಗುಂಡನ್ನು ತಲೆಯ ಮೇಲೆತ್ತಬೇಕೆಂದು ಅವರಿಗೆ ಬಹಳ ಆಸೆಯಿತ್ತು. ನುಣುಪಾದ ಕಲ್ಲು ಕೈಜಾರಿದರೆ ವೈದ್ಯರ ಚೀಟಿ ಇನ್ನೂ ಉದ್ದವಾಗುತ್ತದೆಯೆಂದು ತಡೆದೆ.

ಮೊದಲ ತಾಣ ಬಸ್ಕಿ. ಕ್ಯಾನನ್ನು ಎದೆಗೆ ತಬ್ಬಿಕೊಂಡು, ಹಿಂದೆ ಒಂದು ಮಣೆಯಿದೆಯೆಂದು ಭಾವಿಸಿ, ಅದರ ಮೇಲೆ ಕೂರುವವರಂತೆ ಸೊಂಟವನ್ನು ಹಿಂದಕ್ಕೆ ಸರಿಸಿ ಕುಳಿತು ಏಳುವುದು. ಮಂಡಿ ನೋಯುವವರು ನಿಜವಾಗಿಯೂ ಒಂದು ಕುರ್ಚಿಯನ್ನಿಟ್ಟುಕೊಂಡು, ಅದನ್ನು ಮುಟ್ಟಿ ಏಳಲಿ. ಅಂಗಾಲು ಪೂರ್ಣವಾಗಿ ನೆಲದ ಮೇಲಿರಬೇಕು. ಮಂಡಿಗಳು ಒಳಕ್ಕೆ ವಾಲಬಾರದು.

ಎರಡನೆಯದು ದಂಡ. ನೆಲದ ಮೇಲೆ ದಂಡ ಹೊಡೆಯಲಾರದವರು ಜಗಲಿಯ ಅಂಚಿಗೆ ಕೈಯೂರಲಿ. ಅದೂ ಕಷ್ಟವಾದವರು ಗೋಡೆಗೆ ಊರಲಿ. ಗೋಡೆಯಿಂದ ಜಗಲಿಗೆ, ಜಗಲಿಯಿಂದ ನೆಲಕ್ಕೆ ಇಳಿಯುವುದೇ ಇಲ್ಲಿ ಏಳಿಗೆ. ತಲೆಯಿಂದ ಹಿಮ್ಮಡಿಯವರೆಗೆ ಮೈ ಹಲಗೆಯಂತಿರತಕ್ಕದ್ದು.

ಮೂರನೆಯದು ನೆಲದಿಂದ ಬಕೆಟ್ಟನ್ನೆತ್ತುವುದು. ನಮ್ಮಲ್ಲಿ ಸೊಂಟ ಹಿಡಿದುಕೊಂಡವರಲ್ಲಿ ಅರ್ಧ ಮಂದಿ, ತಪ್ಪಾಗಿ ಬಗ್ಗಿ ಏನನ್ನೋ ಎತ್ತಿದವರೇ ಇರಬೇಕೆಂದು ನನ್ನ ಅನುಮಾನ. ಬಕೆಟ್ಟುಗಳನ್ನು ಕಾಲ ಪಕ್ಕದಲ್ಲಿಟ್ಟುಕೊಂಡು, ಬೆನ್ನನ್ನು ಗೂನಿಸದೆ, ಸೊಂಟದ ಕೀಲಿನಲ್ಲಿ ಬಗ್ಗಿ, ಹಿಡಿದು, ನೆಲವನ್ನು ಕಾಲಿನಿಂದ ಒತ್ತಿ ನೆಟ್ಟಗೆ ನಿಲ್ಲಬೇಕು. ಈ ಒಂದನ್ನು ಸರಿಯಾಗಿ ಕಲಿಯಲು ನೇಕಾರರಿಗೆ ಎರಡು ವಾರ ಹಿಡಿಯಿತು. ಅವರ ಬೆನ್ನಿನ ಮೇಲೆ ಉದ್ದಕ್ಕೆ ಒಂದು ಕೋಲನ್ನಿಟ್ಟು, ತಲೆ, ಬೆನ್ನು, ಸೊಂಟದ ಕೆಳಭಾಗ ಮೂರೂ ಅದಕ್ಕೆ ತಾಗಿರುವಂತೆ ಬಗ್ಗಿಸಿ ಅಭ್ಯಾಸ ಮಾಡಿಸಿದೆ. ಪ್ಲಾಸ್ಟಿಕ್ಕಿನ ಬಕೆಟ್ಟು ಬೇಡ. ಅದರ ಹಿಡಿ ಹೇಳದೆ ಕೇಳದೆ ಕಳಚಿಕೊಳ್ಳುತ್ತದೆ.

ನಾಲ್ಕನೆಯದು ರಾಗಿಯ ಚೀಲವನ್ನು ಎದೆಯಿಂದ ತಲೆಯ ಮೇಲಕ್ಕೆ ನೆಟ್ಟಗೆ ಎತ್ತಿ ಇಳಿಸುವುದು. ಐದನೆಯದು ಮೆಟ್ಟಲನ್ನು ಹತ್ತಿ ಇಳಿಯುವುದು. ಒಂದು ಕೈ ಗೋಡೆಯ ಸಮೀಪದಲ್ಲಿರಲಿ. ಆರನೆಯದು, ಒಂದು ಕೈಯನ್ನು ಜಗಲಿಗೂರಿ ಬಗ್ಗಿ, ಇನ್ನೊಂದು ಕೈಯಿಂದ ಬಕೆಟ್ಟನ್ನು ಸೊಂಟದವರೆಗೆ ಸೇದುವುದು. ಬಾವಿಯ ಹಗ್ಗವನ್ನು ಸೇದಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕೊನೆಯದಾಗಿ, ಎರಡು ಕೈಯಲ್ಲಿ ಎರಡು ಬಕೆಟ್ಟು ನೀರನ್ನು ಹಿಡಿದು, ಭುಜ ಜೋಲದಂತೆ, ಹಿತ್ತಲಿನ ಈ ತುದಿಯಿಂದ ಆ ತುದಿಗೆ ಹೋಗಿ ಬರುವುದು.

ಮೊದಲ ದಿನ ಪರೀಕ್ಷೆ. ಐದು ಲೀಟರಿನ ಕ್ಯಾನನ್ನು ಹಿಡಿದು ಒಂದು ನಿಮಿಷದಲ್ಲಿ ಅವರು ಸರಿಯಾಗಿ ಮಾಡಿದ ಬಸ್ಕಿ ೧೬. ಆದುದರಿಂದ ನಿತ್ಯದ ಪ್ರಮಾಣ ೮. ಗೋಡೆಯ ದಂಡ ೧೪, ಪ್ರಮಾಣ ೭. ಹೀಗೆಯೇ ಉಳಿದವು. ಅರ್ಧ ಎಂದಾಗ ಅವರಿಗೆ ನಾಚಿಕೆಯಾಯಿತು. ಗಂಡಸಾದವನು ಪೂರ್ತಿ ಮಾಡಬೇಡವೇ ಎಂದರು. ಈ ಅರ್ಧದಲ್ಲಿಯೇ ಸುತ್ತಿನ ಸಾಮಿನ ವಿವೇಕವಿದೆ. ಪೂರ್ತಿ ಮಾಡಿದವನು ಮೊದಲ ಸುತ್ತಿನಲ್ಲಿಯೇ ಬಸವಳಿದು, ಎರಡನೆಯ ಸುತ್ತಿನಲ್ಲಿ ಬೆನ್ನು ಗೂನಿಸುತ್ತಾನೆ. ಮರುದಿನ ಮೈನೋವಿನಿಂದ ಮಲಗುತ್ತಾನೆ. ಮೂರನೆಯ ದಿನ ವ್ಯಾಯಾಮವೇ ತನಗೆ ಒಗ್ಗದೆಂದು ತೀರ್ಮಾನಿಸುತ್ತಾನೆ. ಅರ್ಧ ಮಾಡಿದವನಿಗೆ ಮೂರನೆಯ ಸುತ್ತಿನಲ್ಲಿ ಮಾತ್ರ ಅರ್ಧವೆಂಬುದು ಅರ್ಧವಲ್ಲವೆಂದು ತಿಳಿಯುತ್ತದೆ. ಅಂದು ಮೂರು ಸುತ್ತಿಗೆ ೨೧ ನಿಮಿಷ ಹಿಡಿಯಿತು. ಅವರ ಮಗಳ ಹಳೆಯ ಶಾಲಾ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದೆವು.

ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ. ಇದಕ್ಕೆ ಕಾರಣ ಎರಡು. ದುಡಿದ ಸ್ನಾಯು ದುರಸ್ತಿಯಾಗಿ ಹಿಂದಿಗಿಂತ ಗಟ್ಟಿಯಾಗಲು ಸಮಯ ಬೇಕು. ಮೈನೋವು ಎರಡನೆಯ ದಿನವೇ ಹೆಚ್ಚಾಗಿ ಕಾಣುವುದು. ಎರಡನೆಯದಾಗಿ, ಸಾಧನೆಯ ತರುವಾಯ ಸ್ನಾಯುವು ಸಕ್ಕರೆಯನ್ನು ಸುಲಭವಾಗಿ ಎಳೆದುಕೊಳ್ಳುವ ಗುಣ ಒಂದೆರಡು ದಿನ ಮಾತ್ರ ಉಳಿಯುತ್ತದೆ. ನಾಲ್ಕು ದಿನ ಬಿಟ್ಟರೆ ಆ ಬಾಗಿಲು ಮತ್ತೆ ಬಿಗಿದುಕೊಳ್ಳುತ್ತದೆ. ಐದು ವಾರದಲ್ಲಿ ಅವರ ಕಾಲ ೧೫ ನಿಮಿಷಕ್ಕೆ ಇಳಿಯಿತು. ಆಗ ಕ್ಯಾನಿಗೆ ಎರಡು ಲೀಟರು ನೀರನ್ನು ಸೇರಿಸಿದೆವು. ಕಾಲ ಮತ್ತೆ ೧೮ಕ್ಕೆ ಏರಿತು. ಅವರಿಗೆ ಬೇಸರ, ನನಗೆ ಸಂತೋಷ. ಬಟ್ಟೆಯ ಅಳತೆಯನ್ನು ಅಂಗುಲದ ಲೆಕ್ಕದಲ್ಲಿ ಬಲ್ಲ ಮನುಷ್ಯನಿಗೆ, ಏರುವ ಅಂಕಿಯೂ ಕೆಲವು ಸಲ ಲಾಭವೇ ಎಂದು ಒಪ್ಪಿಸಲು ಒಂದು ಸಂಜೆ ಬೇಕಾಯಿತು.

ಕೆಲವು ಎಚ್ಚರಿಕೆಗಳನ್ನು ಹೇಳದೆ ಬಿಡುವಂತಿಲ್ಲ. ಭಾರವನ್ನೆತ್ತುವಾಗ ಉಸಿರು ಕಟ್ಟಬಾರದು. ಕಟ್ಟಿದರೆ ರಕ್ತದ ಒತ್ತಡ ಥಟ್ಟನೆ ಮೇಲೇರುತ್ತದೆ. ಎತ್ತುವಾಗ ಉಸಿರನ್ನು ಬಿಡುವುದು, ಇಳಿಸುವಾಗ ಎಳೆದುಕೊಳ್ಳುವುದು. ನಡುವೆ ಒಂದು ಸಣ್ಣ ವಾಕ್ಯವನ್ನಾದರೂ ಆಡಲು ಸಾಧ್ಯವಾಗುವಷ್ಟು ವೇಗ ಸಾಕು. ಎದೆಯಲ್ಲಿ ಒತ್ತಿದಂತಾದರೆ, ತಲೆ ತಿರುಗಿದರೆ, ಅಲ್ಲಿಯೇ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಕೆಲವು ಬಗೆಯ ಗುಳಿಗೆಗಳನ್ನು ಸೇವಿಸುವವರಿಗೂ ಶ್ರಮದಿಂದ ಸಕ್ಕರೆ ಅತಿಯಾಗಿ ಇಳಿಯಬಹುದು. ಅವರು ವೈದ್ಯರೊಡನೆ ಮೊದಲೇ ಮಾತನಾಡಿ, ಕೈಗೆಟಕುವಲ್ಲಿ ಸ್ವಲ್ಪ ಸಕ್ಕರೆಯನ್ನಿಟ್ಟುಕೊಳ್ಳಬೇಕು. ಸಕ್ಕರೆ ರೋಗದಿಂದ ಕಣ್ಣಿನ ಒಳಪದರ ಕೆಟ್ಟಿರುವವರು ವೈದ್ಯರ ಒಪ್ಪಿಗೆಯಿಲ್ಲದೆ ಭಾರದ ಸಾಧನೆಗೆ ತೊಡಗಬಾರದು. ಪಾದದಲ್ಲಿ ಸ್ಪರ್ಶ ಕಡಮೆಯಾದವರು ಬರಿಗಾಲಿನಲ್ಲಿ ಮಾಡಬಾರದು. ನಮ್ಮ ನೇಕಾರರ ಗುಳಿಗೆ ನಿಂತಿಲ್ಲ. ನಿಲ್ಲಿಸಿರೆಂದು ಹೇಳುವ ಅಧಿಕಾರವೂ ನನಗಿಲ್ಲ.

ಆಹಾರದ ವಿಷಯದಲ್ಲಿ ಡಬ್ಬಿಯ ಪುಡಿ ಬೇಕೇ ಎಂದು ಮಗನು ಕೇಳಿದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ೨೦೨೦ರ ಪ್ರಮಾಣದಂತೆ, ವಯಸ್ಕನಿಗೆ ದೇಹದ ತೂಕದ ಒಂದೊಂದು ಕಿಲೋಗೂ ದಿನಕ್ಕೆ ೦.೮೩ ಗ್ರಾಂ ಸಸಾರಜನಕ ಸಾಕು. ಅರವತ್ತು ಕಿಲೋ ತೂಕದವನಿಗೆ ಐವತ್ತು ಗ್ರಾಂ. ಭಾರದ ಸಾಧನೆ ಮಾಡುವವನು ಇದಕ್ಕಿಂತ ತುಸು ಹೆಚ್ಚು ತಿಂದರೆ ಒಳ್ಳೆಯದು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು ೨೨ ಗ್ರಾಂ ಇದೆ. ರಾಗಿಯಲ್ಲಿ ಸುಮಾರು ೭. ಮುದ್ದೆಯ ಗಾತ್ರವನ್ನು ಸ್ವಲ್ಪ ಕುಗ್ಗಿಸಿ, ಹುರುಳಿಯ ಸಾರಿನಲ್ಲಿ ಕಾಳನ್ನು ಬಿಡದೆ ತಿಂದು, ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಅವರೆಯ ಕಾಲದಲ್ಲಿ ಅವರೆ ಇಷ್ಟನ್ನು ಮಾಡಿಕೊಂಡರೆ ಬಹುಮಂದಿಗೆ ಪುಡಿಯ ಪ್ರಮೇಯವಿಲ್ಲ. ಪುಡಿ ವಿಷವಲ್ಲ, ದುಬಾರಿ. ಆದರೆ ಬೇಗ ಮೈ ತುಂಬಿಸುವ ಹೆಸರಿಲ್ಲದ ಗುಳಿಗೆ, ಚುಚ್ಚುಮದ್ದುಗಳನ್ನು ಯಾರಾದರೂ ಕೊಡಬಂದರೆ ಅಲ್ಲಿಂದ ಎದ್ದು ಬರಬೇಕು. ಅವು ಹೃದಯವನ್ನೂ ಯಕೃತ್ತನ್ನೂ ಕೆಡಿಸಬಲ್ಲವು.

ಸುತ್ತಿನ ಸಾಮಿನಿಂದ ಆಗದ ಕೆಲಸವೂ ಇದೆ. ನೂರು ಕಿಲೋ ಬಾರ್‌ಬೆಲ್ಲನ್ನೆತ್ತಬೇಕೆಂಬ ತರುಣನಿಗೆ ಇದು ದಾರಿಯಲ್ಲ. ಪರಮಾವಧಿ ಬಲಕ್ಕೆ ಹೆಚ್ಚು ಭಾರ, ಕಡಮೆ ಎಣಿಕೆ, ನಡುವೆ ಎರಡು ಮೂರು ನಿಮಿಷದ ವಿಶ್ರಾಂತಿ ಬೇಕು. ಅಂಥವನು ತಕ್ಕ ಗುರುವಿರುವ ಜಿಮ್ಮಿಗೆ ಹೋಗುವುದೇ ಸರಿ. ಶಸ್ತ್ರಚಿಕಿತ್ಸೆ ಆದವರಿಗೆ, ಕೀಲು ಸವೆದವರಿಗೆ ಅಂಗಚಿಕಿತ್ಸಕರ ಕಣ್ಣೆದುರಿನಲ್ಲಿ ಆಗಬೇಕಾದ ಸಾಧನೆಯೇ ಬೇರೆ. ಒಬ್ಬರೇ ಇದ್ದರೆ ಬೇಸರವಾಗಿ ಬಿಟ್ಟುಬಿಡುವ ಸ್ವಭಾವದವರಿಗೆ ನಾಲ್ಕು ಜನರ ಸಹವಾಸಕ್ಕಾಗಿ ಹಣ ಕೊಟ್ಟರೂ ನಷ್ಟವಲ್ಲ. ಹಣ ಕೊಡುವ ಮೊದಲು ವರ್ಷಕ್ಕೆ ಬದಲಾಗಿ ತಿಂಗಳಿಗೆ ಕೊಡಬಹುದೇ ಎಂದು ವಿಚಾರಿಸಲಿ. ಆದರೆ ಸುತ್ತಿನ ಸಾಮನ್ನು ಮೂರು ತಿಂಗಳು ಮಾಡಿದವರು ಎಲ್ಲಿಗೆ ಹೋದರೂ, ತಮಗೆ ಕೊಟ್ಟ ಪಟ್ಟಿಯನ್ನು ಓದಿ, ಇದು ನನಗೆ ಹೊಂದುತ್ತದೆ, ಇದು ಹೊಂದದು ಎಂದು ಹೇಳಬಲ್ಲರು.

ನಮ್ಮ ಸಾಮಿಗೆ ಎರಡನೆಯ ತಿಂಗಳಿನಲ್ಲಿ ನೇಕಾರರ ಮಡದಿಯೂ ಸೇರಿದರು. ಮೊದಮೊದಲು ಬಾಗಿಲಲ್ಲಿ ನಿಂತು ಗಂಡನ ಎಣಿಕೆಯಲ್ಲಿ ತಪ್ಪು ಹುಡುಕುತ್ತಿದ್ದವರು, ಒಂದು ದಿನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕ್ಯಾನನ್ನು ತಾವೇ ಎತ್ತಿಕೊಂಡರು. ಪರೀಕ್ಷೆಯಲ್ಲಿ ಅವರ ಬಸ್ಕಿ ೧೮; ಗಂಡನಿಗಿಂತ ಎರಡು ಹೆಚ್ಚು. ನೋಟ್‌ಬುಕ್ಕಿನ ಪುಟದಲ್ಲಿ ನಡುವೆ ಗೆರೆ ಎಳೆದು ಎರಡು ಕಲಮು ಮಾಡಬೇಕಾಯಿತು. ಮಗನು ಪಾಳಿ ಮುಗಿಸಿ ಬಂದ ರಾತ್ರಿಗಳಲ್ಲಿ ಎರಡು ಸುತ್ತು ಮಾತ್ರ ಮಾಡುತ್ತಾನೆ. ಅವನಿಗೆ ಕ್ಯಾನು ಪೂರ್ತಿ ತುಂಬಿರಬೇಕು, ಆದುದರಿಂದ ಬೆಳಿಗ್ಗೆ ಎದ್ದವರು ಮೊದಲು ನೀರನ್ನು ಅಳೆದು ಚೆಲ್ಲಬೇಕೆಂದು ಮನೆಯಲ್ಲಿ ಸಣ್ಣ ಜಗಳವಿದೆ. ಹೋದ ಮಂಗಳವಾರದ ಬರಹದಂತೆ ತಂದೆಯ ಕ್ಯಾನಿನಲ್ಲಿ ೧೨ ಲೀಟರು, ಕಾಲ ೧೬ ನಿಮಿಷ. ತಾಯಿಯದು ೧೦ ಲೀಟರು, ೧೫ ನಿಮಿಷ. ದಂಡವನ್ನು ಇಬ್ಬರೂ ಗೋಡೆಯಿಂದ ಜಗಲಿಗೆ ಇಳಿಸಿದ್ದಾರೆ. ನೆಲದಿಂದ ಕೈಯೂರದೆ ಏಳುವುದು ನೇಕಾರರಿಗೆ ಬಲಗಾಲು ಮುಂದಿಟ್ಟರೆ ಸಾಧ್ಯವಾಗುತ್ತದೆ. ಎಡಗಾಲು ಮುಂದಿಟ್ಟರೆ ಇನ್ನೂ ಆಗುವುದಿಲ್ಲ. ಅದಕ್ಕಾಗಿ ಈ ವಾರದಿಂದ ಮೆಟ್ಟಲಿನ ತಾಣದಲ್ಲಿ ಎಡಗಾಲಿಗೆ ಎರಡು ಎಣಿಕೆಯನ್ನು ಹೆಚ್ಚಿಗೆ ಬರೆದಿದ್ದೇವೆ.